ಸರ್ಕಾರಿ ಶಾಲೆಯ ಮಕ್ಕಳಿಗೆ ಕಲಿಕಾ ಸಾಮಗ್ರಿ ಒದಗಿಸುವ ಬಗೆ: ಮಾರ್ಚ್‌ನಿಂದ ಮಾರ್ಚ್‌ವರೆಗಿನ ಕೆಲಸ

ಜೂನ್ ತಿಂಗಳ ಮೊದಲ ವಾರಗಳಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಅಂಗಳದಲ್ಲಿ ನೋಟ್‌ಬುಕ್ ವಿತರಣೆಯ ಸಮಾರಂಭಗಳು ಸಾಲಾಗಿ ನಡೆಯುತ್ತವೆ. ಊರಿನ ಯುವಕ ಸಂಘ, ಹಳೆಯ ವಿದ್ಯಾರ್ಥಿಗಳ ಬಳಗ, ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ನೆಲೆಸಿದವರು, ಹೀಗೆ ಅನೇಕರು ಒಳ್ಳೆಯ ಮನಸ್ಸಿನಿಂದ ಕೊಡುತ್ತಾರೆ. ಅದೇ ಶಾಲೆಗೆ ನವೆಂಬರ್‌ನಲ್ಲಿ ಹೋಗಿ ನೋಡಿದರೆ, ಗಣಿತದ ಪುಸ್ತಕ ಮುಗಿದು, ಹಿಂದಿ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಲೆಕ್ಕ ಮಾಡುತ್ತಿರುವ ಮಕ್ಕಳು ಕಾಣುತ್ತಾರೆ. ಆಗ ಕೊಡುವವರು ಯಾರೂ ಇರುವುದಿಲ್ಲ. ಹೊಸ ಪುಸ್ತಕ ಕೇಳಿದರೆ ಮನೆಯಲ್ಲಿ ಬೈಗುಳ ಸಿಗಬಹುದೆಂದು ಮಗು ಸುಮ್ಮನಿರುತ್ತದೆ. ಸಾಮಗ್ರಿ ಒದಗಿಸುವುದು ಒಂದು ದಿನದ ಕಾರ್ಯಕ್ರಮವಲ್ಲ, ಇಡೀ ಶೈಕ್ಷಣಿಕ ವರ್ಷದ ಕೆಲಸ ಎಂಬ ತಿಳಿವಳಿಕೆಯ ಮೇಲೆ ಈ ಮಾರ್ಗದರ್ಶಿ ನಿಂತಿದೆ. ಐದರಿಂದ ಹತ್ತು ಜನರ ಒಂದು ಗುಂಪು ಒಂದೇ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಆಯ್ದುಕೊಂಡು ಕೆಲಸ ಮಾಡುತ್ತದೆ ಎಂದು ಇಟ್ಟುಕೊಂಡು ಇದನ್ನು ಬರೆಯಲಾಗಿದೆ.

ಹಂತ 1: ಸರ್ಕಾರದಿಂದ ಏನು ಬರುತ್ತದೆ ಎಂಬುದನ್ನು ಮೊದಲು ತಿಳಿಯುವುದು

ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಒಂದು ಜೊತೆ ಕಪ್ಪು ಶೂ ಮತ್ತು ಎರಡು ಜೊತೆ ಕಾಲುಚೀಲಗಳು ಉಚಿತವಾಗಿ ದೊರೆಯುತ್ತವೆ. ಮಧ್ಯಾಹ್ನದ ಬಿಸಿಯೂಟವೂ ಹಾಲೂ ಶಾಲೆಯಲ್ಲೇ ಸಿಗುತ್ತವೆ. ಹೀಗಿರುವಾಗ ದಾನಿಗಳು ಮತ್ತೊಂದು ಜೊತೆ ಸಮವಸ್ತ್ರ ಹೊಲಿಸಿಕೊಡಲು ಹಣ ಸುರಿಯುವುದು ಹೆಚ್ಚಿನ ಸಂದರ್ಭಗಳಲ್ಲಿ ಅನಗತ್ಯ. ಕುಟುಂಬದ ಜೇಬಿಗೆ ನಿಜವಾಗಿ ಭಾರವಾಗುವುದು ಬರೆಯುವ ಪುಸ್ತಕ, ಪೆನ್ಸಿಲ್, ಪೆನ್ನು, ಚೀಲ, ಕಂಪಾಸ್ ಬಾಕ್ಸ್ ಮತ್ತು ಮಳೆಗಾಲದ ಕೊಡೆ. ಕೂಲಿಯಿಂದ ಬದುಕುವ ಮನೆಯಲ್ಲಿ ಮೂವರು ಮಕ್ಕಳು ಓದುತ್ತಿದ್ದರೆ, ಬಿತ್ತನೆಯ ಬೀಜ ಗೊಬ್ಬರಕ್ಕೆ ಹಣ ಹೊಂದಿಸುವ ಜೂನ್ ತಿಂಗಳಲ್ಲೇ ಈ ಖರ್ಚೂ ಎದುರಾಗುತ್ತದೆ. ಆದರೂ ಆ ವರ್ಷ ಯಾವುದು ಬಂದಿದೆ, ಯಾವುದು ತಡವಾಗಲಿದೆ ಎಂಬುದನ್ನು ಮುಖ್ಯ ಶಿಕ್ಷಕರಿಂದಲೇ ಕೇಳಿ ತಿಳಿಯಬೇಕು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್‌ಎಸ್‌ಪಿ) ಮೂಲಕ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಅವಕಾಶವಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದವರ ಮಕ್ಕಳಿಗೆ ಶೈಕ್ಷಣಿಕ ಧನಸಹಾಯವಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಇಲ್ಲದೆಯೋ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆಯೋ ಅರ್ಜಿಗಳು ನಿಂತುಹೋಗುತ್ತವೆ. ಗುಂಪಿನಲ್ಲಿ ನಾಡಕಚೇರಿಗೂ ಬ್ಯಾಂಕಿಗೂ ಓಡಾಡಬಲ್ಲವರು ಒಬ್ಬರಿದ್ದರೆ, ಪಾಲಕರ ಜೊತೆ ಹೋಗಿ ಈ ಕೆಲಸ ಮಾಡಿಸಿಕೊಡುವುದು ಒಂದು ಕಟ್ಟು ನೋಟ್‌ಬುಕ್‌ಗಿಂತ ಕಡಿಮೆ ಸಹಾಯವಲ್ಲ.

ಹಂತ 2: ಮಾರ್ಚ್‌ನಲ್ಲಿ ಶಾಲೆಗೆ ಹೋಗುವುದು

ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಆರಂಭವಾಗುವುದರಿಂದ ಶಾಲೆಯನ್ನು ಆರಿಸುವ ಕೆಲಸ ಮಾರ್ಚ್‌ನಲ್ಲೇ ಮುಗಿಯಬೇಕು. ಹೆದ್ದಾರಿಯ ಪಕ್ಕದ, ಕಾರು ಬಾಗಿಲವರೆಗೆ ಹೋಗುವ ಶಾಲೆಗಳಿಗೆ ಒಂದೇ ವರ್ಷ ಮೂರು ಕಡೆಯಿಂದ ನೋಟ್‌ಬುಕ್ ಬರುವುದೂ, ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗಿರುವ ತಾಂಡಾ ಅಥವಾ ಹಟ್ಟಿಯ ಶಾಲೆಗೆ ಯಾರೂ ಹೋಗದಿರುವುದೂ ಸಾಮಾನ್ಯ. ಇದನ್ನು ತಪ್ಪಿಸಲು ಆ ಭಾಗದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು, ಅಂದರೆ ಎಲ್ಲರೂ ಸಿಆರ್‌ಪಿ ಎಂದು ಕರೆಯುವವರನ್ನು, ಮೊದಲು ಕಾಣಿರಿ. ತಮ್ಮ ಕ್ಲಸ್ಟರ್‌ನ ಯಾವ ಶಾಲೆಗೆ ದಾನಿಗಳಿದ್ದಾರೆ, ಯಾವುದಕ್ಕೆ ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಆರಂಭಿಸಿದ ವಿದ್ಯಾಂಜಲಿ ಜಾಲತಾಣದಲ್ಲಿಯೂ ಶಾಲೆಗಳು ತಮ್ಮ ಬೇಡಿಕೆಗಳನ್ನು ನಮೂದಿಸಬಹುದು. ಒಂದೇ ಹೆಸರಿನ ಶಾಲೆಗಳು ತಾಲ್ಲೂಕಿನಲ್ಲಿ ಎರಡು ಮೂರು ಇರುವುದರಿಂದ, ಪ್ರತಿ ಶಾಲೆಗೂ ಬೇರೆಯಾಗಿರುವ, 29ರಿಂದ ಆರಂಭವಾಗುವ ಹನ್ನೊಂದು ಅಂಕಿಗಳ ಗುರುತಿನ ಸಂಖ್ಯೆಯಾದ ಯು-ಡೈಸ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಮುಂದೆ ಗೊಂದಲವಾಗುವುದಿಲ್ಲ.

ಮುಖ್ಯ ಶಿಕ್ಷಕರನ್ನು ಭೇಟಿಯಾದಾಗ ಒಂದು ಪುಟದ ಪತ್ರ ಕೊಟ್ಟು, ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಡುವಂತೆ ಕೇಳಿಕೊಳ್ಳಿ. 2001ರಿಂದ ಇರುವ ಈ ಸಮಿತಿಯಲ್ಲಿ ಪಾಲಕರೇ ಮುಖ್ಯರು. ಅವರ ಗಮನಕ್ಕೆ ಬಾರದೆ ಶಾಲೆಯೊಳಗೆ ಸಾಮಗ್ರಿ ಬಂದರೆ, ಯಾರಿಗೆ ಸಿಕ್ಕಿತು ಯಾರಿಗೆ ಸಿಗಲಿಲ್ಲ ಎಂಬ ಮಾತು ಊರಿನಲ್ಲಿ ಹುಟ್ಟಿಕೊಳ್ಳುತ್ತದೆ. ಅದರ ಬಿಸಿ ತಟ್ಟುವುದು ಶಿಕ್ಷಕರಿಗೆ. ಸಮಿತಿಯ ನಡಾವಳಿಯಲ್ಲಿ ನಾಲ್ಕು ಸಾಲು ದಾಖಲಾದರೆ ಸಾಕು.

ಆ ಭೇಟಿಯಲ್ಲಿ ತಪ್ಪದೆ ಮಾಡಬೇಕಾದ ಒಂದು ಕೆಲಸವಿದೆ. ಪ್ರತಿ ತರಗತಿಯಿಂದ ಇಬ್ಬರು ಮಕ್ಕಳ, ಒಬ್ಬರು ಬೇಗ ಬರೆಯುವವರು ಇನ್ನೊಬ್ಬರು ನಿಧಾನವಾಗಿ ಬರೆಯುವವರು, ಆ ವರ್ಷದ ಎಲ್ಲ ನೋಟ್‌ಬುಕ್‌ಗಳನ್ನು ತರಿಸಿ ಮೇಜಿನ ಮೇಲಿಟ್ಟು ನೋಡಿರಿ. ಯಾವ ವಿಷಯಕ್ಕೆ ಎಷ್ಟು ಹಾಳೆ ಬರೆದಿದ್ದಾರೆ, ಯಾವ ಗೆರೆಯ ಪುಸ್ತಕ ಬಳಸಿದ್ದಾರೆ, ಎಲ್ಲಿ ಒಂದು ಪುಸ್ತಕ ಮುಗಿದು ಬೇರೆ ವಿಷಯದ ಪುಸ್ತಕದೊಳಗೆ ನುಸುಳಿದ್ದಾರೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ನಮ್ಮ ಗುಂಪು ಮೊದಲ ವರ್ಷ ಇದನ್ನು ಮಾಡಲಿಲ್ಲ. ಅಂಗಡಿಯವರು ಹೇಳಿದಂತೆ ಎಲ್ಲ ಮಕ್ಕಳಿಗೂ ಆರು ಆರು ಇನ್ನೂರು ಪುಟದ ಒಂದು ಗೆರೆಯ ಪುಸ್ತಕಗಳನ್ನು ಕೊಂಡೆವು. ಎರಡನೆಯ ತರಗತಿಯ ಮಕ್ಕಳು ಆ ಗೆರೆಯಲ್ಲಿ ಅಕ್ಷರ ಕೂರಿಸಲಾಗದೆ ಒದ್ದಾಡಿದರು. ಏಳನೆಯ ತರಗತಿಯವರಿಗೆ ಆರು ಸಾಲಲಿಲ್ಲ. ಅಷ್ಟು ಹಣ ಖರ್ಚು ಮಾಡಿಯೂ ತಪ್ಪಾಯಿತಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ.

ಹಂತ 3: ತರಗತಿವಾರು ಪಟ್ಟಿ

ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಶಾಲೆಗಳಲ್ಲಿ ನಲಿ-ಕಲಿ ಪದ್ಧತಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕುಳಿತು ಕಾರ್ಡುಗಳಿಂದ ಕಲಿಯುತ್ತಾರೆ, ಬರವಣಿಗೆಯ ದೊಡ್ಡ ಭಾಗ ಅಭ್ಯಾಸ ಪುಸ್ತಕದಲ್ಲೇ ನಡೆಯುತ್ತದೆ. ಆದ್ದರಿಂದ ಇವರಿಗೆ ಕನ್ನಡಕ್ಕೆ ಎರಡು ಗೆರೆಯದು, ಇಂಗ್ಲಿಷಿಗೆ ನಾಲ್ಕು ಗೆರೆಯದು, ಗಣಿತಕ್ಕೆ ಚೌಕಳಿಯದು, ಹೀಗೆ ಮೂರು ತೆಳು ಪುಸ್ತಕಗಳು ಸಾಕು. ಇವರಿಗೆ ಹೆಚ್ಚು ಬೇಕಾಗುವುದು ಪೆನ್ಸಿಲ್, ರಬ್ಬರ್ ಮತ್ತು ಮೆಂಡರ್. ಸ್ಲೇಟು ಬಳಪಗಳ ಕಾಲ ಮುಗಿಯಿತೆಂದು ಭಾವಿಸಬೇಡಿ. ಮೊದಲ ತರಗತಿಯ ಮಗುವಿಗೆ ತಪ್ಪಿದ್ದನ್ನು ಅಳಿಸಿ ಮತ್ತೆ ಮತ್ತೆ ಬರೆಯಲು ಸ್ಲೇಟಿಗಿಂತ, ಉತ್ತರ ಕರ್ನಾಟಕದವರು ಹೇಳುವ ಪಾಟಿಗಿಂತ, ಒಳ್ಳೆಯ ಸಾಧನವಿಲ್ಲ, ಅದು ಕಾಗದವನ್ನೂ ಉಳಿಸುತ್ತದೆ. ಬಣ್ಣದ ಕ್ರೇಯಾನ್‌ಗಳನ್ನು ಮಗುವಿಗೊಂದರಂತೆ ಕೊಡುವ ಬದಲು ತರಗತಿಗೆ ಆರೇಳು ಪೆಟ್ಟಿಗೆ ಕೊಟ್ಟರೆ, ಅವು ಮನೆಯಲ್ಲಿ ಕಳೆದುಹೋಗದೆ ವರ್ಷವಿಡೀ ಬಳಕೆಯಾಗುತ್ತವೆ.

ನಾಲ್ಕು ಮತ್ತು ಐದನೆಯ ತರಗತಿಗೆ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂಬ ನಾಲ್ಕು ವಿಷಯಗಳಿಗೆ ನಾಲ್ಕು, ಕಾಪಿ ಬರವಣಿಗೆಗೆ ಒಂದು, ಒರಟು ಕೆಲಸಕ್ಕೆ ಒಂದು, ಒಟ್ಟು ಆರು ಬೇಕು. ಆರನೆಯ ತರಗತಿಯಿಂದ ಹಿಂದಿ ಸೇರುತ್ತದೆ, ಪರಿಸರ ಅಧ್ಯಯನದ ಜಾಗದಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬರುತ್ತವೆ. ಆರು ವಿಷಯಕ್ಕೆ ಆರು, ಕಾಪಿಗೆ ಮತ್ತು ಒರಟು ಕೆಲಸಕ್ಕೆ ಒಂದೊಂದು ಸೇರಿ ಎಂಟಾಗುತ್ತದೆ. ಕೈವಾರ, ಕೋನಮಾಪಕ, ಮೂಲೆಮಟ್ಟಗಳಿರುವ ಕಂಪಾಸ್ ಬಾಕ್ಸ್ ನಿಜವಾಗಿ ಬಳಕೆಗೆ ಬರುವುದು ಈ ಹಂತದಲ್ಲಿಯೇ. ಅದನ್ನು ಪ್ರತಿ ವರ್ಷ ಕೊಡಬೇಕಾಗಿಲ್ಲ. ಆರನೆಯ ತರಗತಿಗೆ ಬರುವವರಿಗೆ ಒಮ್ಮೆ ಗಟ್ಟಿಯಾದದ್ದನ್ನು ಕೊಟ್ಟರೆ ಮುಂದಿನ ಮೂರ್ನಾಲ್ಕು ವರ್ಷ ಬರುತ್ತದೆ. ಮೊಳೆ ಸಡಿಲವಾಗಿ, ಪೆನ್ಸಿಲ್ ಹಿಡಿಯದೆ ಜಾರುವ ಅಗ್ಗದ ಕೈವಾರದಿಂದ ವೃತ್ತ ಎಳೆಯಲು ಹೋದ ಮಗು, ತಪ್ಪು ತನ್ನದೇ ಎಂದುಕೊಳ್ಳುತ್ತದೆ. ಆದ್ದರಿಂದ ಈ ಒಂದು ವಸ್ತುವಿನಲ್ಲಿ ಬೆಲೆ ನೋಡಬಾರದು.

ಇನ್ನೂರು ಪುಟದ ಒಂದು ದಪ್ಪ ಪುಸ್ತಕಕ್ಕಿಂತ ನೂರರ ಆಸುಪಾಸಿನ ಪುಟಗಳ ಎರಡು ಪುಸ್ತಕಗಳನ್ನು, ಒಂದನ್ನು ಜೂನ್‌ನಲ್ಲಿ ಇನ್ನೊಂದನ್ನು ದಸರಾ ರಜೆಯ ನಂತರ, ಕೊಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. 2019ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಂತೆ ಶಾಲಾ ಚೀಲದ ತೂಕ 1 ಮತ್ತು 2ನೇ ತರಗತಿಗೆ 1.5ರಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3 ಕಿಲೋ, 6ರಿಂದ 8ಕ್ಕೆ 3ರಿಂದ 4 ಕಿಲೋ ಇರಬೇಕು. ದಾನಿಗಳು ಕೊಟ್ಟ ದಪ್ಪ ಪುಸ್ತಕಗಳೇ ಈ ಮಿತಿಯನ್ನು ಮೀರಿಸುವಂತಾಗಬಾರದು. ಮೇಲಾಗಿ ನಾಲ್ಕು ತಿಂಗಳಲ್ಲಿ ರಟ್ಟು ಹರಿದು, ಮೂಲೆ ಮಡಚಿ ಹೋದ ಪುಸ್ತಕದ ಉಳಿದ ಹಾಳೆಗಳಿಗಿಂತ ಹೊಸ ಪುಸ್ತಕ ಮಗುವಿಗೆ ಹೆಚ್ಚು ಹುರುಪು ಕೊಡುತ್ತದೆ.

ಹಂತ 4: ಲೆಕ್ಕ ಹಾಕುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಾಲೆಯಲ್ಲಿ 120 ಮಕ್ಕಳಿದ್ದಾರೆ: 1ರಿಂದ 3ನೇ ತರಗತಿಯಲ್ಲಿ 48, 4 ಮತ್ತು 5ರಲ್ಲಿ 34, 6 ಮತ್ತು 7ರಲ್ಲಿ 38. ಮೊದಲ ಕಂತಿಗೆ 48 ಮಕ್ಕಳಿಗೆ ಮೂರರಂತೆ 144, 34 ಮಕ್ಕಳಿಗೆ ಆರರಂತೆ 204, 38 ಮಕ್ಕಳಿಗೆ ಎಂಟರಂತೆ 304, ಒಟ್ಟು 652 ಪುಸ್ತಕಗಳು. ಇದಕ್ಕೆ ಶೇಕಡ ಹತ್ತು ಸೇರಿಸಿ 720, ಅಂದರೆ 60 ಡಜನ್ ಕೊಳ್ಳಬೇಕು. ಈ ಹೆಚ್ಚುವರಿ ಶೇಕಡ ಹತ್ತು ಆಡಂಬರವಲ್ಲ. ಜೂನ್ ಜುಲೈನಲ್ಲಿ ತಡವಾಗಿ ದಾಖಲಾಗುವ ಮಕ್ಕಳು ಯಾವ ಶಾಲೆಯಲ್ಲಿಯೂ ಇರುತ್ತಾರೆ. ಎರಡನೆಯ ಕಂತಿಗೆ ಚಿಕ್ಕವರಿಗೆ ಎರಡು, ನಡುವಿನವರಿಗೆ ಮೂರು, ದೊಡ್ಡವರಿಗೆ ಐದು ಎಂದರೆ 96, 102 ಮತ್ತು 190, ಒಟ್ಟು 388. 33 ಡಜನ್ ಸಾಕಾಗುತ್ತದೆ. ಪೆನ್ಸಿಲ್‌ಗಳನ್ನು ಚಿಕ್ಕ ಮಕ್ಕಳಿಗೆ ತಿಂಗಳಿಗೆ ಎರಡರಂತೆ ಹತ್ತು ತಿಂಗಳಿಗೆ ಲೆಕ್ಕ ಹಾಕಿದರೆ 960 ಆಗುತ್ತದೆ. ಒಮ್ಮೆಗೇ ಇಪ್ಪತ್ತು ಪೆನ್ಸಿಲ್ ಮಗುವಿನ ಕೈಗೆ ಕೊಡಬಾರದು; ಅವು ಶಿಕ್ಷಕರ ಬಳಿಯಿದ್ದು, ಚಿಕ್ಕದಾದ ಪೆನ್ಸಿಲ್ ತೋರಿಸಿದಾಗ ಹೊಸದು ಸಿಗುವಂತಿರಲಿ.

ಹಂತ 5: ಹಣ

ಒಟ್ಟು ಮೊತ್ತ ಗೊತ್ತಾದ ಮೇಲೆಯೇ ಹಣ ಕೇಳಬೇಕು, ಮೊದಲೇ ಸಂಗ್ರಹಿಸಿ ಆಮೇಲೆ ಖರ್ಚಿನ ದಾರಿ ಹುಡುಕಬಾರದು. ಎರಡು ಕಂತುಗಳ ಹಣವನ್ನೂ ಮೇ ತಿಂಗಳೊಳಗೇ ಕೂಡಿಸಿ, ಎರಡನೆಯ ಕಂತಿನದನ್ನು ಮುಟ್ಟದಂತೆ ಬೇರೆಯಾಗಿಡಿ. ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಕೇಳಿದರಾಯಿತು ಎಂದುಕೊಂಡ ಕಡೆಗಳಲ್ಲಿ ಎರಡನೆಯ ಕಂತು ನಡೆಯುವುದೇ ಇಲ್ಲ.

ದಾನಿಗಳು ತೆರಿಗೆ ವಿನಾಯಿತಿ ಕೇಳಿದರೆ ಸ್ಪಷ್ಟವಾಗಿ ಉತ್ತರಿಸಿರಿ. ಆದಾಯ ತೆರಿಗೆಯ 80ಜಿ ಮಾನ್ಯತೆಯಿರುವ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಈ ವಿನಾಯಿತಿ ಸಿಗುತ್ತದೆ; 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅಥವಾ ವಸ್ತು ರೂಪದಲ್ಲಿ ಕೊಟ್ಟರೆ ಸಿಗುವುದಿಲ್ಲ. ಹೊರದೇಶಗಳಲ್ಲಿರುವ ಕನ್ನಡಿಗರು ತಾವು ಓದಿದ ಶಾಲೆಗೆ ಹಣ ಕಳುಹಿಸಲು ಬಯಸುವುದು ಸಹಜ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ತೊಡಕಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರು ಇಲ್ಲಿಯೇ ಹುಟ್ಟಿದವರಾದರೂ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಂತೆ ವಿದೇಶಿ ದೇಣಿಗೆಯಾಗುತ್ತದೆ, ಅದನ್ನು ಆ ಕಾಯ್ದೆಯಡಿ ನೋಂದಾಯಿತವಾದ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆ ಮಾತ್ರ ಪಡೆಯಬಹುದು. ಗೆಳೆಯರ ಗುಂಪಿನ ಖಾತೆಗೆ ಅದನ್ನು ತರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ.

ಹಂತ 6: ಕೊಳ್ಳುವುದು

ಮೇ ಮೊದಲ ಪಕ್ಷದೊಳಗೆ ಮೂರು ಕಡೆಯಿಂದ ದರಪಟ್ಟಿ ತರಿಸಿಕೊಳ್ಳಿ. ಬೆಂಗಳೂರಿನ ಸುತ್ತಲಿನವರಿಗೆ ಅವೆನ್ಯೂ ರಸ್ತೆ ಮತ್ತು ಚಿಕ್ಕಪೇಟೆಯ ಸಗಟು ಅಂಗಡಿಗಳಿವೆ. ರಾಜ್ಯ ಸರ್ಕಾರದ ಉದ್ಯಮವಾದ ಎಂಎಸ್‌ಐಎಲ್ ಹೊರತರುವ ಲೇಖಕ್ ಮತ್ತು ವಿದ್ಯಾ ನೋಟ್‌ಬುಕ್‌ಗಳನ್ನೂ ವಿಚಾರಿಸಬಹುದು. ಆದರೂ ಬೆಲೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಷ್ಟೇ ಇದ್ದರೆ ಶಾಲೆಗೆ ಹತ್ತಿರದ ಪಟ್ಟಣದ ಅಂಗಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಾಗಣೆ ಖರ್ಚು ಉಳಿಯುತ್ತದೆ, ಹಾಳೆ ಹರಿದ ಪುಸ್ತಕಗಳನ್ನು ಮರುದಿನವೇ ಬದಲಾಯಿಸಬಹುದು, ಎರಡನೆಯ ಕಂತನ್ನು ಅದೇ ದರಕ್ಕೆ ಕೊಡಲು ಅವರು ಒಪ್ಪುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ಕ್ರೇಯಾನ್, ರಬ್ಬರ್ ಮತ್ತು ಮೆಂಡರ್‌ಗಳ ಮೇಲೆ ಜಿಎಸ್‌ಟಿ ಇಲ್ಲ; ಕಂಪಾಸ್ ಬಾಕ್ಸ್‌ಗೆ ಶೇಕಡ 12 ಇದ್ದದ್ದು ಶೇಕಡ 5ಕ್ಕೆ ಇಳಿದಿದೆ. ದರಪಟ್ಟಿಯಲ್ಲಿ ನೋಟ್‌ಬುಕ್‌ಗೆ ತೆರಿಗೆ ಸೇರಿಸಿದ್ದರೆ ಕಾರಣ ಕೇಳಿರಿ.

ಮಾದರಿ ಪುಸ್ತಕವನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ಶಾಯಿ ಪೆನ್ನಿನಿಂದ ನಾಲ್ಕು ಸಾಲು ಬರೆದು ಹಾಳೆ ಮಗುಚಿರಿ. ಅಕ್ಷರ ಹಿಂಬದಿಗೆ ಇಳಿದಿದ್ದರೆ ಆ ಪುಸ್ತಕದಲ್ಲಿ ಒಂದೇ ಮಗ್ಗುಲು ಬರೆಯಲು ಸಾಧ್ಯ, ಹೇಳಿದ ಪುಟಗಳ ಅರ್ಧ ವ್ಯರ್ಥ. ಪೆನ್ಸಿಲ್‌ನಿಂದ ಬರೆದು ರಬ್ಬರ್‌ನಿಂದ ಎರಡು ಬಾರಿ ಅಳಿಸಿರಿ. ಹಾಳೆ ನೂಲೆದ್ದರೆ ಬೇಡ. ರಟ್ಟಿನ ಮೇಲೆ ಬರೆದಷ್ಟು ಪುಟಗಳು ಒಳಗಿವೆಯೇ ಎಂದು ಎಣಿಸಿ ನೋಡಿ. ಸಾಧ್ಯವಾದರೆ ನಡುವೆ ದಾರದ ಹೊಲಿಗೆಯಿರುವ ಪುಸ್ತಕವನ್ನೇ ಆರಿಸಿ, ಏಕೆಂದರೆ ಪಿನ್ನು ತುಕ್ಕು ಹಿಡಿದು ಮಳೆಗಾಲದಲ್ಲಿ ನಡುವಿನ ಹಾಳೆಗಳು ಕಳಚಿಬರುತ್ತವೆ.

ಮಲೆನಾಡು ಮತ್ತು ಕರಾವಳಿಯಲ್ಲಿ ಪಟ್ಟಿಯನ್ನೇ ತಿರುವಿಹಾಕಬೇಕಾಗುತ್ತದೆ. ಆಗುಂಬೆ, ತೀರ್ಥಹಳ್ಳಿ, ಸಿದ್ಧಾಪುರದಂಥ ಕಡೆಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗದ್ದೆಯ ಅಂಚಿನಲ್ಲಿ, ಕಾಡುದಾರಿಯಲ್ಲಿ ನಡೆದು ಬರುವ ಮಗುವಿಗೆ ಮೊದಲು ಬೇಕಾದದ್ದು ಕೊಡೆ ಅಥವಾ ರೇನ್‌ಕೋಟು, ಮತ್ತು ನೀರು ಒಳಗಿಳಿಯದ ಚೀಲ. ಅವಿಲ್ಲದಿದ್ದರೆ ಕೊಟ್ಟ ಪುಸ್ತಕಗಳು ಜುಲೈ ಮುಗಿಯುವುದರೊಳಗೆ ಮುದ್ದೆಯಾಗುತ್ತವೆ. ಚೀಲ ಕೊಳ್ಳುವಾಗ ಬಣ್ಣಕ್ಕಿಂತ ಹೆಗಲಪಟ್ಟಿ ಕೂಡುವ ಜಾಗದ ಹೊಲಿಗೆಯನ್ನು ನೋಡಿ. ಚೀಲ ಹರಿಯುವುದು ಯಾವಾಗಲೂ ಅಲ್ಲಿಯೇ. ಕೊಟ್ಟವರ ಹೆಸರನ್ನೋ ಸಂಸ್ಥೆಯ ಗುರುತನ್ನೋ ಚೀಲದ ಮೇಲೆ ದೊಡ್ಡದಾಗಿ ಅಚ್ಚುಹಾಕಿಸಬೇಡಿ. ವರ್ಷವಿಡೀ ಆ ಮಗು ಸಂತೆಗೂ ಜಾತ್ರೆಗೂ ನೆಂಟರ ಮನೆಗೂ ಅದೇ ಚೀಲ ಹೊತ್ತು ಹೋಗುತ್ತದೆ, ಹೋದಲ್ಲೆಲ್ಲ ಅದು ದಾನದ ಚೀಲವೆಂದು ತಿಳಿಯುತ್ತದೆ.

ಹಂತ 7: ಕಟ್ಟು ಕಟ್ಟುವುದು ಮತ್ತು ಹಂಚುವುದು

ಶಾಲೆ ಆರಂಭವಾಗುವುದಕ್ಕೆ ಮೂರ್ನಾಲ್ಕು ದಿನ ಮೊದಲು ಸಾಮಗ್ರಿ ಶಾಲೆಯಲ್ಲಿರಬೇಕು. ತರಗತಿವಾರು ಪಟ್ಟಿಯಂತೆ ಮಗುವಿಗೊಂದು ಕಟ್ಟು ಮಾಡಿ, ಮೇಲೆ ಹೆಸರಿನ ಲೇಬಲ್ ಅಂಟಿಸಿ, ತರಗತಿಯ ಚೀಟಿ ಹಾಕಿದ ಗೋಣಿಚೀಲಗಳಲ್ಲಿಡಿ. ಬೈಂಡ್ ಹಾಕಲು ಕಂದು ಕಾಗದದ ಸುರುಳಿಯನ್ನೂ ಕೊಟ್ಟರೆ ಮೊದಲ ವಾರದ ಒಂದು ಮಧ್ಯಾಹ್ನ ದೊಡ್ಡ ಮಕ್ಕಳು ಚಿಕ್ಕವರ ಪುಸ್ತಕಗಳಿಗೆ ಬೈಂಡ್ ಹಾಕಿಕೊಡುತ್ತಾರೆ.

ತರಗತಿಯಲ್ಲಿ ಕೊಟ್ಟರೆ ಎಲ್ಲರಿಗೂ ಕೊಡಬೇಕು, ಇಲ್ಲವೇ ತರಗತಿಯಲ್ಲಿ ಕೊಡಲೇಬಾರದು. ಬಡ ಮಕ್ಕಳು ಎದ್ದು ನಿಲ್ಲಿ ಎಂದು ಕೇಳುವುದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಎದ್ದು ನಿಂತವರಿಗಿಂತ, ಅರ್ಹರಾಗಿದ್ದೂ ನಾಚಿಕೆಯಿಂದ ಕುಳಿತೇ ಇದ್ದ ಹುಡುಗಿಯ ಮುಖ ಇಂದಿಗೂ ಕಣ್ಣಿಗೆ ಕಟ್ಟಿದೆ. ಹಣ ಸಾಲದಿದ್ದರೆ ಮಕ್ಕಳನ್ನು ಆರಿಸಬೇಡಿ, ವಸ್ತುಗಳನ್ನು ಕಡಿಮೆ ಮಾಡಿ, ಅಥವಾ ಎರಡು ತರಗತಿಗಳನ್ನು ಪೂರ್ತಿಯಾಗಿ ವಹಿಸಿಕೊಳ್ಳಿ. ಒಂದು ಮಗುವಿಗೆ ವಿಶೇಷವಾಗಿ ಏನಾದರೂ ಬೇಕಿದ್ದರೆ, ಕನ್ನಡಕವೋ ಚಪ್ಪಲಿಯೋ, ಅದು ತರಗತಿ ಶಿಕ್ಷಕಿಯ ಮೂಲಕ ಪಾಲಕರ ಕೈ ಸೇರಲಿ.

ಹಂಚುವ ಕೆಲಸ ಶಿಕ್ಷಕರದೇ ಆಗಿರಲಿ. ಮಕ್ಕಳನ್ನು ಬಿಸಿಲಿನಲ್ಲಿ ಕೂರಿಸಿ, ಭಾಷಣ ಮಾಡಿ, ಒಬ್ಬೊಬ್ಬರನ್ನೇ ಕರೆದು ಪುಸ್ತಕ ಹಿಡಿಸಿ ಫೋಟೊ ತೆಗೆಯುವುದನ್ನು ಬಿಟ್ಟುಬಿಡಿ. ದಾನಿಗಳಿಗೆ ತೋರಿಸಲು ಚಿತ್ರ ಬೇಕೆಂದರೆ ತರಗತಿವಾರು ಜೋಡಿಸಿಟ್ಟ ಕಟ್ಟುಗಳ ಚಿತ್ರ, ಅಂಗಡಿಯ ರಸೀದಿ ಮತ್ತು ಮುಖ್ಯ ಶಿಕ್ಷಕರ ಸಹಿಯಿರುವ ಸ್ವೀಕೃತಿ ಪತ್ರ ಸಾಕು. ಸ್ವೀಕೃತಿ ಪತ್ರದಲ್ಲಿ ವಸ್ತು, ಸಂಖ್ಯೆ, ದಿನಾಂಕ ಇರಲಿ. ಅದನ್ನೇ ಶಾಲೆಯ ದಾಸ್ತಾನು ವಹಿಯಲ್ಲಿಯೂ ನಮೂದಿಸಲಿ.

ಹಂತ 8: ದಸರಾ ರಜೆಯ ನಂತರದ ಕಂತು

ಶಾಲೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆಯನ್ನು ಜೂನ್‌ನಿಂದಲೇ ಇಡಿಸಿ. ಮೊದಲ ಕಂತಿನ ಹೆಚ್ಚುವರಿ ಪುಸ್ತಕಗಳು, ಪೆನ್ಸಿಲ್, ಪೆನ್ನು, ರಬ್ಬರ್ ಅದರಲ್ಲಿರಲಿ. ಪುಸ್ತಕ ಮುಗಿದ ಮಗು ಮುಗಿದದ್ದನ್ನು ತೋರಿಸಿ ಹೊಸದನ್ನು ಪಡೆಯಲಿ. ಕೊಟ್ಟದ್ದನ್ನು ಒಂದು ಚಿಕ್ಕ ವಹಿಯಲ್ಲಿ ಏಳನೆಯ ತರಗತಿಯ ಇಬ್ಬರು ಮಕ್ಕಳೇ ಬರೆದುಕೊಳ್ಳಬಲ್ಲರು. ಸೆಪ್ಟೆಂಬರ್ ಕೊನೆಯಲ್ಲಿ ಗುಂಪಿನ ಒಬ್ಬರು ಬಂದು ಆ ವಹಿಯನ್ನು ನೋಡಿದರೆ ಎರಡನೆಯ ಕಂತಿಗೆ ಯಾವ ವಿಷಯದ, ಯಾವ ಗೆರೆಯ ಪುಸ್ತಕ ಎಷ್ಟು ಬೇಕೆಂಬುದು ನಿಖರವಾಗಿ ತಿಳಿಯುತ್ತದೆ; ಮಾರ್ಚ್‌ನಲ್ಲಿ ಅಂದಾಜು ಮಾಡಿದ 388ನ್ನು ಆಗ ತಿದ್ದಿಕೊಳ್ಳಬೇಕು.

ಈ ಪೆಟ್ಟಿಗೆಯಿಂದ ಹೆಚ್ಚು ಉಪಕಾರವಾಗುವುದು ನಡುವರ್ಷದಲ್ಲಿ ಬರುವ ಮಕ್ಕಳಿಗೆ. ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತವೆ, ಕಬ್ಬು ಕಡಿಯುವ ಗುಂಪುಗಳು ಕಾರ್ಖಾನೆಗಳ ಸುತ್ತಲಿನ ಊರುಗಳಿಗೆ ಬರುತ್ತವೆ. ಹಾಗೆ ಬಂದ ಮಗು ಡಿಸೆಂಬರ್‌ನಲ್ಲಿ ಬರಿಗೈಯಲ್ಲಿ ತರಗತಿಯ ಬಾಗಿಲಲ್ಲಿ ನಿಂತಾಗ, ಅದೇ ದಿನ ಅದರ ಕೈಗೆ ಒಂದು ಕಟ್ಟು ಪುಸ್ತಕ ಸಿಗುವಂತಿರಬೇಕು. ವರ್ಗಾವಣೆ ಪತ್ರ ಬರುವವರೆಗೆ ಕಾಯಬೇಡಿ ಎಂದು ಶಿಕ್ಷಕರಿಗೆ ಮೊದಲೇ ಹೇಳಿರಿ. ಆ ಮಗು ತನ್ನ ಊರಿಗೆ ಹಿಂತಿರುಗುವಾಗ ಪುಸ್ತಕಗಳನ್ನು ಜೊತೆಯಲ್ಲೇ ಒಯ್ಯಲಿ.

ಮುಂದಿನ ಮಾರ್ಚ್‌ನಲ್ಲಿ ಮತ್ತೆ ಅದೇ ಶಾಲೆಗೆ ಹೋಗಿ, ಪ್ರತಿ ತರಗತಿಯ ಇಬ್ಬರು ಮಕ್ಕಳ ಪುಸ್ತಕಗಳನ್ನು ಮೇಜಿನ ಮೇಲಿಡಿಸಿ ನೋಡಿರಿ. ಪೆಟ್ಟಿಗೆಯಲ್ಲಿ ಉಳಿದದ್ದನ್ನು ಎಣಿಸಿ, ಹೊಸ ವರ್ಷದ ಪಟ್ಟಿಯಿಂದ ಕಳೆಯಿರಿ. ಖರ್ಚಿನ ಲೆಕ್ಕದ ಒಂದು ಪ್ರತಿ ದಾನಿಗಳಿಗೆ, ಒಂದು ಪ್ರತಿ ಎಸ್‌ಡಿಎಂಸಿಗೆ ತಲುಪಲಿ.